ಸಮಿತಿಯ ಮುಂದೆ ಎರಡು ನಿಮಿಷ

ಓಲೀಟಾ ಪ್ರೂಟ್‌ಗೆ ಓದುವ ಚಟ ಹತ್ತಿದ್ದು ಐವತ್ನಾಲ್ಕನೆಯ ವಯಸ್ಸಿನಲ್ಲಿ. ಅದೂ ಕಥೆ ಕಾದಂಬರಿಯಲ್ಲ, ಮಸೂದೆ. ಜನವರಿಯಲ್ಲಿ ರಾಜ್ಯದ ಶಾಸನಸಭೆಗೆ ಬಂದ 218ನೇ ನಂಬರಿನ ಮಸೂದೆಯನ್ನು ಅವಳು ಎಷ್ಟು ಸಲ ಓದಿದ್ದಳೆಂದರೆ, ಅದನ್ನು ಮಂಡಿಸಿದ ಸೆನೆಟರ್ ಮಹಾಶಯ ಅದರ ಅರ್ಧದಷ್ಟೂ ಓದಿರಲಿಕ್ಕಿಲ್ಲ. ವೃದ್ಧಾಶ್ರಮದ ಅಡುಗೆಮನೆಯಲ್ಲಿ ಮಧ್ಯಾಹ್ನದ ಸೂಪು ಇಳಿಸಿದ ಮೇಲೆ, ತರಕಾರಿ ಮೂಟೆಗಳ ಪಕ್ಕ ಕುಳಿತು, ಏಪ್ರನ್ ಜೇಬಿನಿಂದ ಮಡಚಿದ ಹಾಳೆಗಳನ್ನು ತೆಗೆಯುತ್ತಿದ್ದಳು. ನಡುವೆ ಗೆರೆ ಹೊಡೆದ ಮಾತು ಬಿಟ್ಟುಹೋದದ್ದು, ಅಡಿಗೆರೆ ಎಳೆದ ಮಾತು ಹೊಸದಾಗಿ ಸೇರಿದ್ದು. ಇಷ್ಟನ್ನು ತಿಳಿಯಲು ಅವಳಿಗೆ ಒಂದು ವಾರ ಹಿಡಿದಿತ್ತು.

ಮಸೂದೆ ಹೇಳುತ್ತಿದ್ದುದು ಇಷ್ಟೇ. ಮೈಮೇಲೋ ಚೀಲದಲ್ಲೋ ಮರೆಯಾಗಿ ಪಿಸ್ತೂಲು ಇಟ್ಟುಕೊಳ್ಳುವ ಪರವಾನಗಿ ಇದ್ದವರು ಕೂಡ ಕೆಲವು ಜಾಗಗಳಿಗೆ ಅದನ್ನು ತರುವಂತಿಲ್ಲ. ನಾಲ್ಕನೆಯ ವಿಧಿಯಲ್ಲಿ ಜಾಗಗಳ ಪಟ್ಟಿಯಿತ್ತು. ಆಸ್ಪತ್ರೆ, ಗ್ರಂಥಾಲಯ, ಮಕ್ಕಳ ಆಟದ ಮೈದಾನ, ಹೆಂಡದಂಗಡಿ ಎಲ್ಲ ಇದ್ದವು. ಅವು ಯಾವುವೂ ಓಲೀಟಾಳ ನಿದ್ದೆ ಕೆಡಿಸಲಿಲ್ಲ. ಕೆಡಿಸಿದ್ದು ಒಂಬತ್ತನೆಯ ಸಾಲು: ಸಾರ್ವಜನಿಕ ಬಸ್ಸು ಮತ್ತು ಬಸ್ ನಿಲ್ದಾಣ.

ಅವಳಿಗೆ ಕಾರಿರಲಿಲ್ಲ. ಇದ್ದ ಕಾರು ಗಾರ್ಲಂಡ್‌ನ ಹೆಸರಿನಲ್ಲಿತ್ತು. ಗಾರ್ಲಂಡ್ ಅವಳ ಹಳೆಯ ಗಂಡ. ಆರು ವರ್ಷದ ಹಿಂದೆ ಅವಳ ದವಡೆಯನ್ನು ಎರಡು ಕಡೆ ಮುರಿದು ಜೈಲು ಸೇರಿದವನು. ಈಗಲೂ ಚಳಿ ಬಿದ್ದರೆ ಅವಳಿಗೆ ಬ್ರೆಡ್ಡಿನ ಅಂಚು ಅಗಿಯಲಾಗುತ್ತಿರಲಿಲ್ಲ. ಜೈಲಿನಿಂದ ಅವನು ಒಂದೇ ಒಂದು ಕಾಗದ ಬರೆದಿದ್ದ. ಅದರಲ್ಲಿ ಬೈಗುಳವಿಲ್ಲ, ಬೆದರಿಕೆಯಿಲ್ಲ. ‘ಮಾತು ಅರ್ಧಕ್ಕೇ ನಿಂತಿದೆ, ಬಂದು ಮುಗಿಸ್ತೀನಿ’ ಎಂದಷ್ಟೇ ಇತ್ತು. ಅವಳು ರಾಜ್ಯದ ಆ ತುದಿಯಿಂದ ಈ ರಾಜಧಾನಿಗೆ ಬಂದು ಮನೆ ಮಾಡಿದಳು. ವಿಳಾಸವನ್ನು ನ್ಯಾಯಾಲಯವೇ ಗುಟ್ಟಾಗಿ ಇಟ್ಟಿತ್ತು. ಅವನು ಅವಳ ಮುನ್ನೂರು ಅಡಿ ಹತ್ತಿರ ಸುಳಿಯಕೂಡದೆಂಬ ಆದೇಶವೂ ಇತ್ತು. ಆದೇಶ ಕಾಗದದ ಮೇಲಿತ್ತು, ಐದು ಗುಂಡಿನ ಪುಟ್ಟ ಪಿಸ್ತೂಲು ಚೀಲದ ಒಳಜೇಬಿನಲ್ಲಿತ್ತು. ಎರಡರಲ್ಲಿ ಯಾವುದನ್ನು ಮುಟ್ಟಿಕೊಂಡು ಅವಳು ನಡೆಯುತ್ತಿದ್ದಳು ಎಂದು ಬೇರೆ ಹೇಳಬೇಕಾಗಿಲ್ಲ. ಗಾರ್ಲಂಡ್‌ನ ಬಿಡುಗಡೆ ಮಾರ್ಚ್ ಹದಿನಾಲ್ಕಕ್ಕೆ.

ಕಾರಿದ್ದವರಿಗೆ ಈ ಮಸೂದೆ ಒಂದು ತಲೆನೋವು, ಅಷ್ಟೇ. ಬೇಡವೆಂದ ಜಾಗ ಬಂದರೆ ಅದರ ಅಂಗಳದಾಚೆ ಕಾರು ನಿಲ್ಲಿಸಿ, ಒಳಗಿನ ಉಕ್ಕಿನ ಪೆಟ್ಟಿಗೆಯಲ್ಲಿ ಪಿಸ್ತೂಲಿಟ್ಟು ಬೀಗ ಹಾಕಿ ಇಳಿದರಾಯಿತು. ಬಸ್ಸಿನವಳಿಗೆ ಬಸ್ಸೇ ಬೇಡವೆಂದರೆ ಮನೆಯ ಹೊಸ್ತಿಲಿನಿಂದಲೇ ಬೇಡವೆಂದ ಹಾಗೆ. ಈ ಸಣ್ಣ ಸಂಗತಿ ಶಾಸನಸಭೆಯಲ್ಲಿ ಯಾರ ತಲೆಗೂ ಹೊಳೆದಿರಲಿಲ್ಲ. ಅಲ್ಲಿ ಬಸ್ಸಿನಲ್ಲಿ ಬರುವವರಾದರೂ ಯಾರಿದ್ದರು?

ಗುರುವಾರ ಗುರುವಾರ ಗುಂಡು ಹೊಡೆಯುವ ಮೈದಾನದ ಪಕ್ಕದ ಹೋಟೆಲಿನಲ್ಲಿ ಪರವಾನಗಿದಾರರ ಗುಂಪೊಂದು ಸೇರುತ್ತಿತ್ತು. ಪ್ಯಾನ್‌ಕೇಕು ತಿನ್ನುತ್ತಾ ಯಾವ ಮಸೂದೆ ಯಾವ ಸಮಿತಿಯಲ್ಲಿದೆ, ಯಾರು ಯಾವ ತಿದ್ದುಪಡಿ ತಂದರು ಎಂದು ಚರ್ಚಿಸುವುದು ಅವರ ರೂಢಿ. ಗುಂಪಿನ ಯಜಮಾನ ವೆಂಡೆಲ್ ಸ್ಟ್ರೌಡ್. ನಿವೃತ್ತ ಪೊಲೀಸು, ಬಿಳಿ ಮೀಸೆ, ದೊಡ್ಡ ಗಂಟಲು. ಪರವಾನಗಿಯ ತರಗತಿಯಲ್ಲಿ ಓಲೀಟಾಗೆ ಪಾಠ ಹೇಳಿಕೊಟ್ಟವನೇ ಅವನು. “ಪೊಲೀಸ್ ಎದುರಿಗೆ ಬಂದ್ರೆ ಮೊದಲ್ನೇ ಮಾತು ನಿಂದೇ ಆಗಿರ್ಬೇಕು. ನನ್ನ ಹತ್ರ ಪರವಾನಗಿ ಇದೆ, ಪಿಸ್ತೂಲು ಇಂಥಾ ಕಡೆ ಇದೆ ಅಂತ. ಮುಚ್ಚಿಟ್ರೆ ಪರವಾನಗಿ ಹೋಯ್ತು ಅಂತಲೇ ತಿಳ್ಕೊ,” ಎಂದು ನೂರು ಸಲ ಬಾಯಿಪಾಠ ಮಾಡಿಸಿದ್ದ. ಓಲೀಟಾ ಅದನ್ನು ಪ್ರಾರ್ಥನೆಯಂತೆ ಕಲಿತಿದ್ದಳು.

ಫೆಬ್ರವರಿಯಲ್ಲಿ ಸಮಿತಿಯ ಮುಂದೆ ಬಹಿರಂಗ ವಿಚಾರಣೆ ಗೊತ್ತಾಯಿತು. ವೆಂಡೆಲ್ ಕಾಫಿ ಲೋಟವನ್ನು ಪಕ್ಕಕ್ಕೆ ಸರಿಸಿ ಓಲೀಟಾಳ ಕಡೆ ತಿರುಗಿದ.

“ನಿನ್ನ ಕಥೆ ನೀನೇ ಹೇಳ್ಬೇಕು ಕಣಮ್ಮ. ನಾನು ಹೇಳಿದ್ರೆ ಮುದಿ ಪೊಲೀಸು ಒದರ್ತಾನೆ ಅಂತ ಮೊಬೈಲ್ ನೋಡ್ಕೊಂಡು ಕೂತ್ಕೋತಾರೆ.”

“ನಾನು ಜನದ ಮುಂದೆ ನಿಂತು ಮಾತಾಡಿದವಳೇ ಅಲ್ಲ, ಮಿಸ್ಟರ್ ಸ್ಟ್ರೌಡ್. ನಾಲಿಗೆ ಒಣಗಿಹೋಗುತ್ತೆ.”

“ಎರಡೇ ನಿಮಿಷ. ಸುಮ್ನೆ ಭಯ, ಭಯ ಅಂತ ಅಳ್ಬೇಡ. ದಿನಾ ಅವ್ರು ಅದನ್ನೇ ಕೇಳಿ ಕೇಳಿ ಕಿವಿ ಜಡ್ಡುಗಟ್ಟಿದೆ. ಬಸ್ ನಂಬರ್ ಹೇಳು. ಎಷ್ಟು ಗಂಟೆಗೆ ಹತ್ತೀಯ, ಎಲ್ಲಿ ಇಳೀತೀಯ, ಅಲ್ಲಿಂದ ಮನೆಗೆ ಎಷ್ಟು ಹೆಜ್ಜೆ. ಕಣ್ಣಿಗೆ ಕಟ್ಟೋ ಹಾಗೆ ಹೇಳು. ಅವರೂ ನಿನ್ನ ಜೊತೆ ಬಸ್ ಹತ್ತಬೇಕು.”

ಅವಳು ಮೂರು ರಾತ್ರಿ ಕೂತು ಬರೆದಳು, ಕನ್ನಡಿಯ ಮುಂದೆ ಗಡಿಯಾರ ಹಿಡಿದು ಓದಿದಳು. ಒಂದು ನಿಮಿಷ ಐವತ್ತೈದು ಸೆಕೆಂಡು.

ವಿಚಾರಣೆಯ ದಿನ ಶಾಸನಸಭೆಯ ಬಾಗಿಲಲ್ಲಿ ಗುರುವಾರದ ಗುಂಪು ಸಾಲಾಗಿ ನಿಂತು, ತಂತಮ್ಮ ಪಿಸ್ತೂಲನ್ನು ಕಾವಲುಗಾರನ ಕಬ್ಬಿಣದ ಗೂಡುಗಳಲ್ಲಿಟ್ಟು, ನಂಬರಿನ ಬಿಲ್ಲೆ ಪಡೆದುಕೊಂಡಿತು. “ಮದುವೆ ದಿನಾನೂ ಇಷ್ಟು ಹಗುರಾಗಿ ನಡೆದಿರ್ಲಿಲ್ಲ ನಾನು,” ಎಂದು ಯಾರೋ ಅಂದು ಎಲ್ಲರೂ ನಕ್ಕರು. ಓಲೀಟಾ ಬಿಲ್ಲೆಯನ್ನು ಅಂಗೈಯಲ್ಲಿ ಒತ್ತಿ ಹಿಡಿದು ಮೆಟ್ಟಿಲು ಹತ್ತಿದಳು.

ಅವಳಿಗಿಂತ ಮುಂಚೆ ಮಾತಾಡಿದವಳು ಮಾರ್ವಾ ಟಿಲ್ಲರಿ ಎಂಬ ಎಪ್ಪತ್ತರ ಆಸುಪಾಸಿನ ಹೆಂಗಸು. ಚರ್ಚಿಗೆ ಹೋಗುವಾಗ ಹಾಕುವ ನೀಲಿ ಟೋಪಿ, ಕೈಯಲ್ಲಿ ಮಗನ ಫೋಟೋ. ಮಗ ಟೆರನ್ಸ್ ಇಪ್ಪತ್ತೆರಡನೇ ನಂಬರ್ ಬಸ್ಸಿನಲ್ಲಿ ಯಾರದೋ ಕಾಲು ತುಳಿದನಂತೆ. ಮಾತಿಗೆ ಮಾತು ಬೆಳೆಯಿತು. ಆ ಯಾರೋ ಸೊಂಟದಿಂದ ಪಿಸ್ತೂಲು ತೆಗೆದ. “ಅವನ ಹತ್ರಾನೂ ಪರವಾನಗಿ ಇತ್ತು ಸ್ವಾಮಿ,” ಎಂದಳು ಮಾರ್ವಾ, “ಅವನೂ ಒಳ್ಳೆಯವನೇ ಅಂತೆ. ಎಲ್ಲರೂ ಹಾಗೇ ಅಂದ್ರು.”

ಆಮೇಲೆ ಓಲೀಟಾಳ ಹೆಸರು ಕರೆದರು. ಅವಳ ನಾಲಿಗೆ ಒಣಗಲಿಲ್ಲ. ಕನ್ನಡಿಯ ಮುಂದೆ ಕಲಿತದ್ದೆಲ್ಲ ಹಾಗೇ ಬಂತು. “ನಾನು ವೃದ್ಧಾಶ್ರಮದ ಮುಂದೆ ಮೂರು ಇಪ್ಪತ್ತಕ್ಕೆ ಇಪ್ಪತ್ತೆರಡನೇ ನಂಬರ್ ಬಸ್ ಹತ್ತುತ್ತೇನೆ. ಮೂರು ಐವತ್ತಕ್ಕೆ ಹಾಲ್ಸಿ ಬೀದಿ ಸ್ಟಾಪಿನಲ್ಲಿ ಇಳಿಯುತ್ತೇನೆ. ಅಲ್ಲಿಂದ ಮನೆಗೆ ಮುನ್ನೂರ ಹತ್ತು ಹೆಜ್ಜೆ. ಎಣಿಸಿದ್ದೇನೆ. ಆ ಹೆಜ್ಜೆಗಳನ್ನು ಬರಿಗೈಯಲ್ಲಿ ಇಡು ಅಂತ ಈ ಮಸೂದೆ ಹೇಳುತ್ತಿದೆ.” ಹಳೇ ಗಂಡನ ಹೆಸರು ಹೇಳಿದಳು, ದವಡೆ ಮುಟ್ಟಿ ತೋರಿಸಿದಳು. ಒಬ್ಬ ಶಾಸಕಿ ಕಣ್ಣೊರೆಸಿಕೊಂಡಳು. ವೆಂಡೆಲ್ ಹಿಂದಿನ ಸಾಲಿನಿಂದ ಹೆಬ್ಬೆರಳು ಎತ್ತಿ ತೋರಿಸಿದ. ಬದುಕಿನಲ್ಲಿ ಮೊದಲ ಸಲ ನಾನು ಗೆಲ್ಲುವ ಕಡೆ ಇದ್ದೇನೆ ಅನ್ನಿಸಿ ಅವಳಿಗೆ ಎದೆ ತುಂಬಿ ಬಂತು.

ವಿಚಾರಣೆ ಮುಗಿದು ಗುಂಪಿನವರೆಲ್ಲ ಪಿಕಪ್ ಗಾಡಿಗಳನ್ನು ಹತ್ತಿ ಹೊರಟರು. ಬಸ್ ಸ್ಟಾಪಿನಲ್ಲಿ ಉಳಿದವರು ಇಬ್ಬರೇ, ಓಲೀಟಾ ಮತ್ತು ನೀಲಿ ಟೋಪಿಯ ಮಾರ್ವಾ. ಇಬ್ಬರಿಗೂ ಬೇಕಾಗಿದ್ದದ್ದು ಇಪ್ಪತ್ತೆರಡೇ. ಒಂದೇ ಬೆಂಚು.

“ನಿಮ್ಮ ಮಗನ ವಿಷಯ ಕೇಳಿ ತುಂಬಾ ಸಂಕಟ ಆಯ್ತು, ಮಿಸ್ ಮಾರ್ವಾ,” ಎಂದಳು ಓಲೀಟಾ.

“ನಿನ್ನ ದವಡೆ ವಿಷಯ ಕೇಳಿ ನಂಗೂ ಆಯ್ತು ಮಗಳೇ. ಆದ್ರೂ ನಿನ್ನ ವಿರುದ್ಧಾನೇ ಮಾತಾಡ್ತೀನಿ, ಬೇಜಾರು ಮಾಡ್ಕೋಬೇಡ.” ಮುದುಕಿ ಟೋಪಿಯ ಪಿನ್ನು ಸರಿಮಾಡಿಕೊಂಡಳು. ಆಮೇಲೆ ಅವಳ ಕಡೆ ಪೂರ್ತಿ ತಿರುಗಿದಳು. “ಒಂದು ಕೇಳ್ತೀನಿ. ಸ್ಟಾಪಿನ ಹೆಸರು ಯಾಕೆ ಹೇಳ್ದೆ?”

“ಅವರ ಕಣ್ಣಿಗೆ ಕಟ್ಲಿ ಅಂತ.”

“ಅವರ ಕಣ್ಣಿಗೆ ಮಾತ್ರ ಕಟ್ಟಿತಾ? ನಮ್ಮ ತಲೆ ಮೇಲೆ ಕ್ಯಾಮರಾ ಇತ್ತು. ನಾನು ಮಾತಾಡಿದ್ದನ್ನ ನನ್ನ ತಂಗಿ ಅಲ್ಲೆಲ್ಲೋ ಮನೇಲಿ ಕೂತು ನೋಡಿ ಆಗ್ಲೇ ಫೋನ್ ಮಾಡಿದ್ಲು. ಯಾರು ಬೇಕಾದ್ರೂ ನೋಡ್ಬಹುದಂತೆ. ವರ್ಷಗಟ್ಟಲೆ ಇರುತ್ತಂತೆ.”

ಮಸೂದೆಯ ಒಂದೊಂದು ಅಲ್ಪವಿರಾಮವನ್ನೂ ಬಿಡದೆ ಓದಿದವಳಿಗೆ ತಲೆಯ ಮೇಲಿನ ಕ್ಯಾಮರಾ ಕಾಣಲಿಲ್ಲ. ನ್ಯಾಯಾಲಯ ಆರು ವರ್ಷ ಬಾಯಿಬಿಡದ ಗುಟ್ಟನ್ನು ಅವಳು ತಾನಾಗಿ ಮೈಕಿನಲ್ಲಿ ಹೇಳಿ ಬಂದಿದ್ದಳು. ಅಷ್ಟೂ ಮಂದಿ ಪರವಾನಗಿದಾರರು ಅದನ್ನು ಕೇಳಿ ಚಪ್ಪಾಳೆ ತಟ್ಟಿದ್ದರು. ತಪ್ಪು ಎಂದು ಹೇಳಿದ್ದು ಎದುರು ಪಕ್ಷದ ಮುದುಕಿ ಮಾತ್ರ.

ಮರುದಿನ ಅವಳು ಶಾಸನಸಭೆಯ ಕಚೇರಿಗೆ ಹೋಗಿ ಗುಮಾಸ್ತೆಯ ಕಿಟಕಿಯ ಮುಂದೆ ನಿಂತಳು. “ನನ್ನ ಎರಡು ನಿಮಿಷ ಅಳಿಸಿಬಿಡಿ ತಾಯಿ. ಕಾಲಿಗೆ ಬೀಳ್ತೀನಿ.” ಗುಮಾಸ್ತೆ ಕೆಟ್ಟವಳಲ್ಲ. ಎದ್ದು ಒಳಗೆ ಹೋಗಿ ಯಾರನ್ನೋ ಕೇಳಿಕೊಂಡು ಬಂದಳು. “ಸಾರ್ವಜನಿಕ ದಾಖಲೆ ಅಮ್ಮ. ಅಳಿಸೋಕೆ ಯಾರಿಗೂ ಅಧಿಕಾರ ಇಲ್ವಂತೆ. ಅರ್ಜಿ ಬರೆದುಕೊಡಿ, ಅಧಿವೇಶನ ಮುಗಿದ ಮೇಲೆ ನೋಡ್ತಾರೆ.” ಓಲೀಟಾ ಬರೆದುಕೊಟ್ಟಳು. ವಿಳಾಸದ ಜಾಗಕ್ಕೆ ಬಂದಾಗ ಪೆನ್ನು ನಿಂತಿತು. ಕೊನೆಗೆ ಅಂಚೆಪೆಟ್ಟಿಗೆಯ ನಂಬರು ಬರೆದಳು.

ಇನ್ನು ಉಳಿದಿದ್ದ ಆಸೆ ಒಂದೇ. ಒಂಬತ್ತನೆಯ ಸಾಲಿಗೆ ಗೆರೆ ಬೀಳಬೇಕು. ದಿನಾ ಮಧ್ಯಾಹ್ನ ಫೋನಿನಲ್ಲಿ ಶಾಸನಸಭೆಯ ಪುಟ ತೆರೆದು ನೋಡುತ್ತಿದ್ದಳು. ಹಿರಿಯರ ಸೂಪು ಎರಡು ಸಲ ತಳ ಹಿಡಿಯಿತು. ಮಾರ್ಚ್ ಎಂಟರಂದು ವೆಂಡೆಲ್‌ನ ಸಂದೇಶ ಬಂತು: ‘ಗೆದ್ದೆವು! ಗುರುವಾರ ಎಲ್ಲರಿಗೂ ನನ್ನ ಲೆಕ್ಕದಲ್ಲಿ ಪ್ಯಾನ್‌ಕೇಕು.’

ಅವಳು ಮಸೂದೆಯ ಹೊಸ ಪ್ರತಿ ತೆರೆದಳು. ಅಡಿಗೆರೆ ಎಳೆದ ಹೊಸ ಸಾಲು ಇತ್ತು: ನಿಷೇಧಿತ ಜಾಗಗಳ ವಾಹನ ನಿಲುಗಡೆ ಅಂಗಳದಲ್ಲಿ, ಬೀಗ ಹಾಕಿದ ಸ್ವಂತ ವಾಹನದೊಳಗೆ, ಪಿಸ್ತೂಲು ಇಡಬಹುದು. ಒಂಬತ್ತನೆಯ ಸಾಲು ಇದ್ದ ಹಾಗೆಯೇ ಇತ್ತು. ಕೊನೆಯ ಪುಟದಲ್ಲಿ ಇನ್ನೊಂದು ಹೊಸ ಸಾಲು ಸೇರಿತ್ತು: ಗವರ್ನರ್ ಸಹಿ ಬಿದ್ದ ಕ್ಷಣದಿಂದಲೇ ಜಾರಿ.

ಗುರುವಾರ ಅವಳು ಹೋಟೆಲಿಗೆ ಹೋದಾಗ ವೆಂಡೆಲ್ ಎದ್ದು ಕುರ್ಚಿ ಎಳೆದುಕೊಟ್ಟ. ಅವಳು ಕೂರಲಿಲ್ಲ.

“ಬಸ್ಸು ಏನಾಯ್ತು, ಮಿಸ್ಟರ್ ಸ್ಟ್ರೌಡ್?”

“ನೋಡಮ್ಮ, ಎಲ್ಲಾನೂ ಕೊಡು ಅಂದ್ರೆ ಏನೂ ಕೊಡ್ತಿರ್ಲಿಲ್ಲ ಅವ್ರು. ಯಾವುದನ್ನೋ ಒಂದು ಬಿಡ್ಬೇಕಾಗಿತ್ತು.”

“ಬಸ್ಸನ್ನ ಬಿಟ್ರಿ.”

“ಇಲ್ಲಿ ಬಸ್ಸಲ್ಲಿ ಬರೋರು...” ಎಂದು ಅವನು ಶುರುಮಾಡಿ, ಮೇಜಿನ ಸುತ್ತ ನೋಡಿ, ನಿಲ್ಲಿಸಿದ.

“ನಾನೊಬ್ಳೇ. ಹೇಳಿ, ಹೇಳಿ. ನನ್ನ ಕಥೆ ಹೇಳಿಸಿ ಆ ಶಾಸಕಿ ಕಣ್ಣಲ್ಲಿ ನೀರು ತರಿಸಿ, ಆ ನೀರಲ್ಲಿ ನಿಮ್ಮ ಗಾಡಿ ತೊಳ್ಕೊಂಡ್ರಿ.”

ವೆಂಡೆಲ್‌ನ ದೊಡ್ಡ ಗಂಟಲು ಇಳಿದುಹೋಗಿತ್ತು. ಮಂಗಳವಾರ, ಗುರುವಾರ ನಾನೇ ಮನೆಗೆ ಬಿಡುತ್ತೇನೆ ಎಂದ. ವಾರದಲ್ಲಿ ಉಳಿದ ಮೂರು ದಿನ ರಜೆ ತಗೋ ಅಂತ ಗಾರ್ಲಂಡ್‌ಗೆ ಹೇಳ್ತೀರಾ ಎಂದು ಕೇಳಿ ಅವಳು ಹೊರಟುಬಂದಳು. ಹೊರಗೆ ಬಂದ ಮೇಲೆ ಅತ್ತಳು.

ಹದಿನಾಲ್ಕಕ್ಕೆ ಗಾರ್ಲಂಡ್ ಬಿಡುಗಡೆಯಾದ ಎಂದು ಜೈಲಿನಿಂದ ಯಂತ್ರದ ದನಿಯಲ್ಲಿ ಫೋನು ಬಂತು. ಇಪ್ಪತ್ತಕ್ಕೆ ಗವರ್ನರ್ ಸಹಿ ಹಾಕಿದರು. ಓಲೀಟಾ ಪಾಳಿ ಬದಲಿಸಿ ಎಂದು ಕೇಳಿದಳು, ಬೇರೆ ಅಡುಗೆಯವರಿಲ್ಲ ಎಂದರು. ಬೇರೆ ಸ್ಟಾಪಿನಲ್ಲಿ ಇಳಿಯೋಣವೆಂದರೆ ಹಿಂದಿನದು ನದಿಯ ಆಚೆ, ಮುಂದಿನದು ಹೆದ್ದಾರಿಯ ಆಚೆ. ಪೊಲೀಸ್ ಠಾಣೆಯಲ್ಲಿ ಹೇಳಿದಳು. ಅವನು ಕಣ್ಣಿಗೆ ಬಿದ್ದರೆ ಕೂಡಲೇ ಫೋನ್ ಮಾಡಿ ಎಂದರು. ನಾಲ್ಕು ದಿನ ಪಿಸ್ತೂಲನ್ನು ಮನೆಯಲ್ಲೇ ಬಿಟ್ಟು ಹೋದಳು. ಕಾನೂನು ಮುರಿದು ಗೊತ್ತಿಲ್ಲದವಳು. ಸಿಕ್ಕಿಬಿದ್ದರೆ ಪರವಾನಗಿ ಹೋಗುತ್ತದೆ, ವೃದ್ಧಾಶ್ರಮದ ಕೆಲಸ ಹೋಗುತ್ತದೆ, ಮತ್ತೆಂದೂ ಪಿಸ್ತೂಲು ಮುಟ್ಟುವಂತಿಲ್ಲ. ಆ ನಾಲ್ಕು ದಿನ ಮುನ್ನೂರ ಹತ್ತು ಹೆಜ್ಜೆಯನ್ನು ಓಡಿ ಮುಗಿಸಿದಳು. ಐದನೆಯ ದಿನ ಬೆಳಿಗ್ಗೆ ಹಾಸಿಗೆಯಿಂದ ಏಳಲಾಗಲಿಲ್ಲ. ಎದ್ದವಳು ಪಿಸ್ತೂಲನ್ನು ಚೀಲದ ಒಳಜೇಬಿಗೆ ಹಾಕಿಕೊಂಡಳು.

ಅಂದು ಮೂರು ಇಪ್ಪತ್ತರ ಬಸ್ಸು ತುಂಬಿತ್ತು. ಮಾರ್ವಾ ಎಂದಿನಂತೆ ಪಕ್ಕದಲ್ಲಿ ಜಾಗ ಹಿಡಿದು ಕೂತಿದ್ದಳು. ವಿಚಾರಣೆಯ ದಿನದಿಂದ ಇಬ್ಬರೂ ಹೀಗೆ ಒಟ್ಟಿಗೆ ಹೋಗುವುದು ರೂಢಿಯಾಗಿತ್ತು. ಮಾರ್ವಾ ಶಾಲೆಯೊಂದರ ಊಟದ ಮನೆಯಲ್ಲಿ ತಟ್ಟೆಗೆ ಬಡಿಸುವ ಕೆಲಸದವಳು. ಅಂದು ಓಲೀಟಾ ಚೀಲವನ್ನು ತೊಡೆಯ ಮೇಲೆ ಎರಡೂ ಕೈಯಲ್ಲಿ ಅವುಚಿಕೊಂಡಿದ್ದನ್ನು ಅವಳು ನೋಡಿದಳು. ಮುಖ ನೋಡಿದಳು. ಮತ್ತೆ ಚೀಲ ನೋಡಿದಳು.

“ತಂದಿದ್ದೀಯ,” ಎಂದಳು ಮೆಲ್ಲಗೆ.

ಓಲೀಟಾ ಚೀಲವನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡಳು. ಮಾರ್ವಾ ಕಿಟಕಿಯ ಕಡೆ ತಿರುಗಿಕೊಂಡಳು. ಆದರೂ ಎದ್ದು ಬೇರೆ ಕಡೆ ಹೋಗಲಿಲ್ಲ.

ನದಿಯ ಸೇತುವೆಯ ಹತ್ತಿರ ಬಸ್ಸು ನಿಂತಿತು. ಗಾರ್ಲಂಡ್ ಹತ್ತಿದ. ತೆಳ್ಳಗಾಗಿದ್ದ, ಕೂದಲು ಬೆಳ್ಳಗಾಗಿತ್ತು, ಶರಟು ಇಸ್ತ್ರಿ ಮಾಡಿದ್ದು. ಚಾಲಕನಿಗೆ ನಮಸ್ಕಾರ ಹೇಳಿದ. ಜನರ ನಡುವೆ ನುಸುಳಿ ಬಂದು ಓಲೀಟಾಳ ಸೀಟಿನ ಪಕ್ಕದ ಕಂಬ ಹಿಡಿದು ನಿಂತ.

“ಗ್ರಂಥಾಲಯದಲ್ಲಿ ನೋಡ್ದೆ ಕಣೇ ನಿನ್ನ,” ಎಂದ, ನೆಂಟರ ಮನೆಗೆ ಬಂದವನಷ್ಟು ಮೆತ್ತಗೆ. “ಕಂಪ್ಯೂಟರಲ್ಲಿ. ಎಷ್ಟು ಚೆನ್ನಾಗಿ ಮಾತಾಡ್ದೆ! ನಾಲ್ಕು ಸಲ ಹಾಕ್ಕೊಂಡು ನೋಡ್ದೆ. ಆಮೇಲೆ ಆ ಕಾನೂನೂ ಓದ್ದೆ. ಒಂಬತ್ತನೇ ಸಾಲು.” ಅವನ ಕಣ್ಣು ಅವಳ ಚೀಲದ ಮೇಲೆ ಒಮ್ಮೆ ಹಾದುಹೋಯಿತು. “ನೀನು ಯಾವತ್ತೂ ನಿಯಮ ಮೀರೋಳಲ್ಲ.”

ಚೀಲದ ಜಿಪ್ಪಿನೊಳಗೆ ಓಲೀಟಾಳ ಬೆರಳುಗಳು ಪಿಸ್ತೂಲಿನ ಹಿಡಿಯನ್ನು ಸುತ್ತಿಕೊಂಡಿದ್ದವು. ಆರು ವರ್ಷ ಕನಸಿನಲ್ಲಿ ಅವಳು ಮಾಡಿದ್ದು ಇದನ್ನೇ. ಕನಸಿನಲ್ಲಿ ಬೀದಿ ಖಾಲಿ ಇರುತ್ತಿತ್ತು. ಇಲ್ಲಿ ಗಾರ್ಲಂಡ್‌ನ ಬೆನ್ನಿಗೆ ತಾಗಿದಂತೆ ಮಗುವನ್ನೆತ್ತಿಕೊಂಡ ತಾಯಿ, ಅವಳ ಹಿಂದೆ ಕಾಲೇಜಿನ ಹುಡುಗಿಯರು, ಪಕ್ಕದಲ್ಲಿ ಇದೇ ಬಸ್ಸಿನಲ್ಲಿ ಮಗನನ್ನು ಕಳೆದುಕೊಂಡ ಮುದುಕಿ. ಮೈದಾನದಲ್ಲಿ ಕಾಗದದ ಗುರಿಯ ಹಿಂದೆ ಮಣ್ಣಿನ ದಿಬ್ಬ ಇರುತ್ತಿತ್ತು. ಅವನ ಹಿಂದೆ ದಿಬ್ಬವಿರಲಿಲ್ಲ. ಅವಳು ಬೆರಳು ಸಡಿಲಿಸಿದಳು.

“ಹಾಲ್ಸಿ ಬೀದಿ!” ಎಂದು ಚಾಲಕ ಕೂಗಿದ.

ಗಾರ್ಲಂಡ್ ಮೊದಲು ಇಳಿದ. ಸ್ಟಾಪಿನ ಬೆಂಚಿನ ಪಕ್ಕ ನಿಂತು, ಬಾಗಿಲ ಕಡೆ ತಿರುಗಿ, ಅವಳಿಗೆ ದಾರಿ ಬಿಟ್ಟವನ ಹಾಗೆ ಒಂದು ಹೆಜ್ಜೆ ಹಿಂದೆ ಸರಿದ. ಓಲೀಟಾ ಏಳಲಿಲ್ಲ. ಬಾಗಿಲು ಮುಚ್ಚಿತು. ಗಾರ್ಲಂಡ್ ಬೆಂಚಿನ ಮೇಲೆ ಕೂತು ಕಾಲು ಚಾಚಿಕೊಂಡದ್ದು ಹಿಂದಿನ ಗಾಜಿನಲ್ಲಿ ಕಂಡಿತು.

ಮುಂದಿನದು ಮಾರ್ವಾ ಇಳಿಯುವ ಸ್ಟಾಪು. ಅಲ್ಲಿ ಅವಳೂ ಏಳಲಿಲ್ಲ. ಬಸ್ಸು ಖಾಲಿಯಾಗುತ್ತಾ ಕೊನೆಯ ಸ್ಟಾಪಿಗೆ ಬಂತು. ಒಂದು ಕಟ್ಟೆ, ಒಂದು ಚಹಾ ಯಂತ್ರ, ಬಯಲು. ಚಾಲಕ ಎಂಜಿನ್ ನಿಲ್ಲಿಸಿ ಎದ್ದ. “ಇಳೀರಮ್ಮ. ಹತ್ತು ನಿಮಿಷಕ್ಕೆ ಇದೇ ಬಸ್ಸು ವಾಪಸ್ಸು.” ಅವನು ಸಿಗರೇಟು ಹಚ್ಚಲು ಹೊರಗೆ ಹೋದ. ವಾಪಸ್ಸು ಎಂದರೆ ಅದೇ ದಾರಿ, ಅದೇ ಹಾಲ್ಸಿ ಬೀದಿ.

“ಪೊಲೀಸ್‌ಗೆ ಫೋನ್ ಮಾಡು,” ಎಂದಳು ಮಾರ್ವಾ. “ಕಣ್ಣಿಗೆ ಬಿದ್ರೆ ಮಾಡು ಅಂದಿದ್ರಲ್ಲ. ಬಿದ್ದಿದ್ದಾನೆ.”

“ಆಗಲ್ಲ, ಮಿಸ್ ಮಾರ್ವಾ.”

“ಯಾಕೆ ಆಗಲ್ಲ?”

“ಅವರು ಬಂದ ಕೂಡಲೇ ನಾನು ಹೇಳ್ಬೇಕು. ನನ್ನ ಹತ್ರ ಪಿಸ್ತೂಲಿದೆ ಅಂತ. ಅದೇ ಮೊದಲ್ನೇ ಮಾತು. ಬಸ್ಸಲ್ಲಿ ಕೂತು ಅದನ್ನ ಹೇಳಿದ್ರೆ ಅವನಿಗಿಂತ ಮೊದ್ಲು ನನಗೇ ಕೋಳ. ಇಳಿದು ಹೇಳಿದ್ರೂ ಬಸ್ಸಲ್ಲೇ ತಂದೆ ಅನ್ನೋದು ಗೊತ್ತಾಗುತ್ತೆ. ಹೇಳ್ದೇ ಇದ್ರೂ ಅಷ್ಟೇ. ಎಸೆಯೋಣ ಅಂದ್ರೆ ಇದು ಯಾರ ಕೈಗೆ ಸಿಗುತ್ತೋ. ತಂದ್ರೂ ಸತ್ತೆ, ತರದಿದ್ರೂ ಸತ್ತೆ. ಎಲ್ಲಿಗೆ ಹೋಗ್ಲಿ ನಾನು, ಹೇಳಿ?”

ಹೊರಗೆ ಚಾಲಕ ಕೆಮ್ಮಿದ. ಮಾರ್ವಾ ತನ್ನ ಊಟದ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಒಳಗಿದ್ದ ಖಾಲಿ ಡಬ್ಬಿ ತೆಗೆದು ಸೀಟಿನ ಮೇಲಿಟ್ಟು, ಚೀಲದ ಬಾಯಿ ಅಗಲಿಸಿ ಹಿಡಿದಳು.

“ಇದರಲ್ಲಿ ಹಾಕು.”

“ನಿಮಗೆ ಪರವಾನಗಿನೇ ಇಲ್ಲ. ನಿಮಗೆ ಜೈಲೇ ಗತಿ.”

“ಎಪ್ಪತ್ತೊಂದು ವರ್ಷದ ಮುದುಕಿ ಊಟದ ಚೀಲ ಯಾರು ಬಿಚ್ಚಿ ನೋಡ್ತಾರೆ? ನೋಡಿದ್ರೆ ನೋಡ್ಲಿ. ಹಾಕು ಅಂದೆ. ನಂಗೆ ಕಾಣಿಸ್ಬೇಡ, ಹಾಕು.” ಅವಳು ಕಣ್ಣು ಮುಚ್ಚಿಕೊಂಡಳು.

ಓಲೀಟಾ ಗುಂಡುಗಳನ್ನು ಒಂದೊಂದಾಗಿ ಹೊರತೆಗೆದು ತನ್ನ ಜೇಬಿಗೆ ಹಾಕಿಕೊಂಡು, ಮರುಕ್ಷಣವೇ ಅದೂ ತಪ್ಪೆಂದು ಹೊಳೆದು, ಅವನ್ನೂ ಕರವಸ್ತ್ರದಲ್ಲಿ ಸುತ್ತಿ ಪಿಸ್ತೂಲಿನ ಜೊತೆಗೇ ಚೀಲದೊಳಗೆ ಇಳಿಬಿಟ್ಟಳು. ಮಾರ್ವಾ ಚೀಲವನ್ನು ತೊಡೆಗೆ ಒತ್ತಿಕೊಂಡಳು. ಕಣ್ಣು ತೆರೆಯಲಿಲ್ಲ. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು.

“ಇಷ್ಟೇನಾ ಇದರ ತೂಕ?” ಎಂದಳು. “ನನ್ನ ಟೆರನ್ಸ್ ಆರಡಿ ಇದ್ದ.”

ಓಲೀಟಾ ಅವಳ ಭುಜ ಹಿಡಿದುಕೊಂಡು ಒಂದೇ ಕೈಯಲ್ಲಿ ನಂಬರು ಒತ್ತಿದಳು. ಚಾಲಕ ಬಂದು ಕೂತು ಎಂಜಿನ್ ಶುರುಮಾಡಿದ. ಬಸ್ಸು ತಿರುಗಿಕೊಂಡಿತು.

“ಪೊಲೀಸ್ ಸಹಾಯವಾಣಿ. ಎಲ್ಲಿದ್ದೀರಿ ಅಮ್ಮ?” ಎಂದಿತು ಫೋನಿನ ಹೆಣ್ಣು ದನಿ.

“ಇಪ್ಪತ್ತೆರಡನೇ ನಂಬರ್ ಬಸ್ಸು,” ಎಂದಳು ಓಲೀಟಾ. ದವಡೆ ನೋಯುತ್ತಿತ್ತು. “ಹಾಲ್ಸಿ ಬೀದಿ ಸ್ಟಾಪಿಗೆ ಬರ್ತಾ ಇದೆ. ಅವನು ಅಲ್ಲಿ ಬೆಂಚಿನ ಮೇಲೆ ಕೂತಿದ್ದಾನೆ. ಅಲ್ಲಿಂದ ನಮ್ಮನೆಗೆ ಮುನ್ನೂರ ಹತ್ತು ಹೆಜ್ಜೆ.”

“ನಿಮ್ಮ ಹತ್ತಿರ ಆಯುಧ ಏನಾದ್ರೂ ಇದೆಯಾ?”

ಓಲೀಟಾ ಪಕ್ಕಕ್ಕೆ ನೋಡಿದಳು. ನೀಲಿ ಟೋಪಿಯ ಮುದುಕಿ ಕಣ್ಣು ಮುಚ್ಚಿಕೊಂಡೇ, ಚೀಲದ ಹಿಡಿಯನ್ನು ಮುಂಗೈಗೆ ಎರಡು ಸುತ್ತು ಸುತ್ತಿಕೊಂಡು, ಇಲ್ಲವೆಂದು ತಲೆಯಾಡಿಸುತ್ತಿದ್ದಳು.

“ಇಲ್ಲ,” ಎಂದಳು ಓಲೀಟಾ. “ನನ್ನ ಹತ್ರ ಏನೂ ಇಲ್ಲ. ಬೇಗ ಬನ್ನಿ.”